41 ದಿನ ಬಿಟ್ಟದ್ದು 42ನೆಯ ದಿನ ಏಕೆ ಮರಳುತ್ತದೆ? ವ್ರತ ಮತ್ತು ಸಂಯಮದ ಬಗ್ಗೆ ಒಂದು ಪ್ರಶ್ನೆ

ತುಮಕೂರಿನ ಓದುಗ

ಮಾಲೆ ಹಾಕುವ ಕಾಲ ಹತ್ತಿರವಾಗುತ್ತಿದೆ. ಪ್ರತಿವರ್ಷ ಈ ಹೊತ್ತಿಗೆ ನಮ್ಮ ಮನೆಯಲ್ಲಿ ಏಳುವ ವಾದವೊಂದನ್ನು ಎಲ್ಲರ ಮುಂದಿಡುತ್ತಿದ್ದೇನೆ.

ನನ್ನ ತಂಗಿಯ ಗಂಡ ಬಹಳ ವರ್ಷಗಳಿಂದ ಅಯ್ಯಪ್ಪ ಮಾಲೆ ಹಾಕುತ್ತಿದ್ದಾರೆ. ಉಳಿದ ದಿನಗಳಲ್ಲಿ ಅವರು ಸಂಜೆ ಕುಡಿಯದೆ ಮನೆಗೆ ಬಂದದ್ದು ಕಡಿಮೆ; ಸಿಗರೇಟಿನ ಲೆಕ್ಕವನ್ನಂತೂ ಯಾರೂ ಇಟ್ಟಿಲ್ಲ. ಆದರೆ ನವೆಂಬರ್ ನಡುವಿನಲ್ಲಿ ಕೊರಳಿಗೆ ತುಳಸಿ ಮಾಲೆ ಬಿದ್ದರೆ ಮುಗಿಯಿತು, 41 ದಿನ ಎರಡನ್ನೂ ಮುಟ್ಟುವುದಿಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ, ಬರಿಗಾಲಿನ ನಡಿಗೆ, ಚಾಪೆಯ ಮೇಲೆ ನಿದ್ರೆ. ಮಕ್ಕಳ ಮೇಲೆ ಒಂದು ಗದರಿಕೆಯೂ ಇಲ್ಲ. ಶಬರಿಮಲೆಯಿಂದ ಮರಳಿ, ದೇವರ ಪಟದ ಮುಂದೆ ಕಾಯಿ ಒಡೆದು ಮಾಲೆ ತೆಗೆದ ಮರುದಿನವೇ ಎಲ್ಲವೂ ಹಿಂದಿನಂತೆ.

ನನ್ನ ತಂದೆ ಇದನ್ನು ಸ್ವಾಮಿಯ ಮಹಿಮೆ ಎನ್ನುತ್ತಾರೆ. ನನ್ನ ವಾದ ಬೇರೆ. 41 ದಿನ ತಾನಾಗಿಯೇ ಬಿಟ್ಟಿರಬಲ್ಲ ಮನುಷ್ಯ ಉಳಿದ ದಿನಗಳಲ್ಲಿ ‘ನನ್ನ ಕೈಲಾಗುವುದಿಲ್ಲ’ ಎನ್ನುವುದು ಬರೀ ನೆಪ. ತಂಗಿ ನಮ್ಮಿಬ್ಬರ ಮಾತನ್ನೂ ಒಪ್ಪುವುದಿಲ್ಲ. ‘ಬಿಟ್ಟದ್ದು ಅವರಲ್ಲ, ಮಾಲೆ’ ಎನ್ನುವುದು ಅವಳ ತೀರ್ಪು.

ಧಾರ್ಮಿಕ ಆಚರಣೆ ಮನುಷ್ಯನ ಸಂಯಮವನ್ನು ನಿಜವಾಗಿ ಬೆಳೆಸುತ್ತದೆಯೇ, ಅಥವಾ ಒಂದು ಋತುವಿಗೆ ಮಾತ್ರ ಕಡ ಕೊಟ್ಟು ವಾಪಸ್ ಪಡೆಯುತ್ತದೆಯೇ? ಬೆಟ್ಟಕ್ಕೆ ಯಾರು ಹೋಗಬೇಕು, ಯಾರು ಹೋಗಬಾರದು ಎಂಬ ಜಗಳವನ್ನು ದಯವಿಟ್ಟು ಇಲ್ಲಿಗೆ ತರಬೇಡಿ.

ನಿರೀಶ್ವರ

ನಿಮ್ಮ ತಂಗಿಯವರ ಮಾತು ಸರಿ, ಆದರೆ ಅದು ಅರ್ಧಕ್ಕೆ ನಿಂತಿದೆ. ಕುಡಿತ ಬಿಡಿಸಿದ್ದು ಮಾಲೆಯನ್ನು ನೋಡುವ ಕಣ್ಣುಗಳು. ಕಪ್ಪು ಪಂಚೆ ಉಟ್ಟು, ಗಡ್ಡ ಬಿಟ್ಟು, ಹಣೆಗೆ ಗಂಧ ಹಚ್ಚಿಕೊಂಡವನನ್ನು ಬೀದಿಯ ಮಕ್ಕಳೂ ‘ಸ್ವಾಮಿ’ ಎಂದು ಕರೆಯುತ್ತಿರುವಾಗ ಅವನು ಬಾರಿನ ಮೆಟ್ಟಿಲು ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಸುದ್ದಿ ಊರಿಗೆಲ್ಲ ಹಬ್ಬಿರುತ್ತದೆ. ಕಾವಲಿದ್ದಷ್ಟು ದಿನ ಕಳ್ಳತನವಾಗಲಿಲ್ಲ ಎಂದ ಮಾತ್ರಕ್ಕೆ ಕಳ್ಳ ಸಾಧುವಾದ ಎಂದು ಯಾರೂ ಹೇಳುವುದಿಲ್ಲ. ದೇವರನ್ನು ತೆಗೆದುಹಾಕಿ, ಉಡುಪನ್ನೂ ಊರಿನ ಕಣ್ಣನ್ನೂ ಹಾಗೆಯೇ ಉಳಿಸಿ ನೋಡಿ, ಫಲ ಇದೇ ಬರುತ್ತದೆ.

ಹಳೆಯ ಗುರುಸ್ವಾಮಿ

ನಿರೀಶ್ವರರೇ, ಊರಿನ ಕಣ್ಣಿನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ವ್ರತವನ್ನು ರೂಪಿಸಿದ ಹಿರಿಯರಿಗೂ ಅದು ಗೊತ್ತಿತ್ತು. ಆದ್ದರಿಂದಲೇ ಉಡುಪಿನ ಬಣ್ಣ ಬೇರೆ, ಕರೆಯುವ ಹೆಸರು ಬೇರೆ. ಆದರೆ ಮಧ್ಯರಾತ್ರಿ ಮುಚ್ಚಿದ ಕೋಣೆಯಲ್ಲಿ ಯಾರ ಕಣ್ಣಿದೆ? ಮಾಲೆ ಹಾಕಿದವರಲ್ಲಿ ಹೆಚ್ಚಿನವರು ಅಲ್ಲಿಯೂ ಮುಟ್ಟುವುದಿಲ್ಲ ಎಂಬುದನ್ನು ಅವರ ಮನೆಯವರನ್ನು ಕೇಳಿ ತಿಳಿಯಬಹುದು.

ನನ್ನ ದೂರು ಬೇರೆಯದು. ವ್ರತವೆಂದರೆ ಬಿಡುವುದಷ್ಟೇ ಎಂದು ಜನ ತಿಳಿದಿದ್ದಾರೆ. ಕುಡಿಯಬಾರದು, ಮಾಂಸ ಬೇಡ, ಕ್ಷೌರವಿಲ್ಲ, ಹಾಸಿಗೆಯಿಲ್ಲ ಎಂಬ ಪಟ್ಟಿ ಎಲ್ಲರಿಗೂ ಬಾಯಿಪಾಠವಾಗಿದೆ. ದಿನಕ್ಕೆರಡು ಸಲ ಶರಣು ಕೂಗುವುದು, ಎದುರಿಗೆ ಬಂದವರನ್ನೆಲ್ಲ ‘ಸ್ವಾಮಿ’ ಎಂದೇ ಕಾಣುವುದು, ಸಾಧ್ಯವಾದಷ್ಟು ಅನ್ನದಾನ ಮಾಡುವುದು ಇವೂ ವ್ರತದ ಭಾಗಗಳೇ ಎಂಬುದನ್ನು ಮೊದಲ ಸಲ ಮಾಲೆ ಹಾಕುವ ಕನ್ನಿಸ್ವಾಮಿಗಳಿಗೆ ಹೇಳಿಕೊಡುವವರು ಕಡಿಮೆಯಾಗಿದ್ದಾರೆ. ಈಗ 11 ದಿನದ ಮಾಲೆ, 5 ದಿನದ ಮಾಲೆ ಎಂಬುದು ಬಂದಿದೆ. ಬೆಟ್ಟಕ್ಕೆ ತಲೆಯ ಮೇಲೆ ಹೊತ್ತೊಯ್ಯುವ ಇರುಮುಡಿ ಗಂಟನ್ನು ಕಟ್ಟುವ ದಿನವೇ ಮಾಲೆ ಹಾಕಿಸಿಕೊಂಡು ಬಸ್ಸು ಹತ್ತುವವರೂ ಇದ್ದಾರೆ. ಅಂಥವರು ಪಂಪೆಯಿಂದ ಹಿಂದಿರುಗುವ ದಾರಿಯಲ್ಲೇ ಬಾಟಲಿ ಹುಡುಕಿದರೆ ತಪ್ಪನ್ನು ಅಯ್ಯಪ್ಪನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸಂತೆಪೇಟೆ

5 ದಿನದ ಮಾಲೆಯವರನ್ನು ಬಾರಿನವನೇ ‘ಸ್ವಾಮಿ, ಮುಂದಿನ ವಾರ ಬನ್ನಿ’ ಎಂದು ಕಳಿಸುತ್ತಾನೆ. ಆ ಮಟ್ಟಿಗೆ ಅವನದೂ ಒಂದು ಸಂಯಮವೇ.

ಅಡುಗೆಮನೆಯಿಂದ

ಇಷ್ಟು ಹೊತ್ತೂ ಗಂಡಸರ ಸಂಯಮದ ಲೆಕ್ಕವೇ ನಡೆಯುತ್ತಿದೆ. ಆ 41 ದಿನ ಸ್ವಾಮಿಗಳು ಏಳುವ ಮುಂಚೆ ಎದ್ದು, ಸ್ನಾನ ಮಾಡಿ, ಬೇರೆ ಪಾತ್ರೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಮಾಡುವವರು ಯಾರು? ಮನೆಗೆ ಭಿಕ್ಷೆಗೆ ಬರುವ ಇಪ್ಪತ್ತು ಮೂವತ್ತು ಸ್ವಾಮಿಗಳಿಗೆ ಎಲೆ ಹಾಕುವವರು ಯಾರು? ಮುಟ್ಟಾದರೆ ಚೀಲ ಹಿಡಿದು ತವರಿಗೋ ಪಕ್ಕದ ಬೀದಿಯ ಅತ್ತೆಯ ಮನೆಗೋ ಹೊರಡುವವರು ಯಾರು? ಸಿಗರೇಟು ಬಿಟ್ಟ ಮೊದಲ ವಾರ ಸ್ವಾಮಿಗಳಿಗೆ ಬರುವ ಸಿಡಿಮಿಡಿಯನ್ನು ಸಹಿಸಿಕೊಂಡು ಮನೆಯ ಮಂದಿಯೆಲ್ಲ ಮೆಲ್ಲಗೆ ಮಾತಾಡುತ್ತಾರಲ್ಲ, ಅದನ್ನು ಯಾವ ವ್ರತದ ಖಾತೆಗೆ ಬರೆಯೋಣ?

ಹಾಗೆಂದು ಮಾಲೆ ಬೇಡ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮನೆಗೆ ಸಂಬಳ ಪೂರ್ತಿಯಾಗಿ ಬರುವ ತಿಂಗಳು ಅದೊಂದೇ ಎಂದು ಹೇಳುವ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ. ಶಾಲೆಯ ಬಾಕಿ ಶುಲ್ಕ, ಅಡವಿಟ್ಟ ಓಲೆ ಬಿಡಿಸಿಕೊಳ್ಳುವುದು ಎಲ್ಲವೂ ಆಗಲೇ ನಡೆಯುತ್ತವೆ. ಆದ್ದರಿಂದ ಕಡ ಕೊಟ್ಟ ಸಂಯಮವಾದರೂ ಸರಿಯೇ, ಅದಕ್ಕೆ ಬೆಲೆಯಿದೆ.

ತುಮಕೂರಿನ ಓದುಗ

ಮೇಡಂ, ನಿಮ್ಮ ಮಾತನ್ನು ತಂಗಿಗೆ ಓದಿ ಹೇಳಿದೆ. ಓಲೆಯ ವಿಷಯ ಬಂದಾಗ ನಕ್ಕಳು.

ನ್ಯೂಜೆರ್ಸಿ ಕನ್ನಡಿಗ

ಕಾವಲಿನ ವಾದಕ್ಕೆ ಸಂಬಂಧಿಸಿದ ಕೆಲವು ಸಂಶೋಧನೆಗಳನ್ನು ಇಲ್ಲಿ ಹೇಳಬಹುದು. ಇಸ್ರೇಲಿನ ಮನಶ್ಶಾಸ್ತ್ರಜ್ಞ ರೂವೆನ್ ದಾರ್ ಮತ್ತು ಸಂಗಡಿಗರು 2005ರಲ್ಲಿ ಸಂಪ್ರದಾಯಸ್ಥ ಯಹೂದಿ ಧೂಮಪಾನಿಗಳ ಬಗ್ಗೆ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಸಬ್ಬತ್ ದಿನ, ಅಂದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ, ಬೆಂಕಿ ಹಚ್ಚುವುದು ಅವರಿಗೆ ನಿಷಿದ್ಧವಾದ್ದರಿಂದ ಸಿಗರೇಟೂ ಇಲ್ಲ. ಅದೇ ಜನರನ್ನು ವಾರದ ಮತ್ತೊಂದು ದಿನವೂ ಸೇದದೆ ಇರುವಂತೆ ಕೇಳಿಕೊಂಡು, ಎರಡೂ ದಿನಗಳ ಚಪಲವನ್ನು ಹೋಲಿಸಿದರು. ದೇಹದಲ್ಲಿ ನಿಕೋಟಿನ್ ಕೊರತೆ ಎರಡು ದಿನವೂ ಒಂದೇ ಬಗೆಯದಾಗಿದ್ದರೂ ಸಬ್ಬತ್ತಿನ ದಿನ ಚಪಲವೂ ಸಿಡುಕೂ ಗಣನೀಯವಾಗಿ ಕಡಿಮೆಯಿದ್ದವು.

ಅದೇ ತಂಡ 2010ರಲ್ಲಿ ವಿಮಾನ ಪರಿಚಾರಕರನ್ನು ಅಧ್ಯಯನ ಮಾಡಿತು. ಸಣ್ಣ ಪಯಣವಾಗಲಿ ದೀರ್ಘ ಪಯಣವಾಗಲಿ, ಇಳಿಯುವ ಹೊತ್ತು ಹತ್ತಿರವಾದಂತೆ ಸೇದುವ ಚಪಲ ಏರುತ್ತಿತ್ತು. ಸೇದಿ ಎಷ್ಟು ಗಂಟೆಯಾಯಿತು ಎಂಬುದಕ್ಕಿಂತ ಇನ್ನೆಷ್ಟು ಹೊತ್ತಿಗೆ ಸೇದಲು ಸಿಗುತ್ತದೆ ಎಂಬುದೇ ಚಪಲವನ್ನು ನಿರ್ಧರಿಸುವಂತೆ ಕಂಡಿತು. ನಿಮ್ಮ ಭಾವನವರಿಗೆ ಮಾಲೆ ಹಾಕಿರುವಾಗ ‘ಇವತ್ತು ಕುಡಿಯಲೋ ಬೇಡವೋ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪ್ರಶ್ನೆಯೇ ಇಲ್ಲದ ಕಡೆ ಮನಸ್ಸಿನೊಡನೆ ಗುದ್ದಾಟವೂ ಇರುವುದಿಲ್ಲ. ಮಾಲೆ ತೆಗೆದ ಸಂಜೆ ಪ್ರಶ್ನೆ ಮರಳಿ ಬರುತ್ತದೆ, ಅದೂ ಉತ್ತರವನ್ನು ಜೊತೆಗೇ ಕರೆದುಕೊಂಡು.

ನಿರೀಶ್ವರ

ಹಾಗಾದರೆ ಅದು ಸಂಯಮವಲ್ಲ ಎಂಬ ನನ್ನ ಮಾತನ್ನೇ ನೀವು ಅಂಕಿಅಂಶ ಸಹಿತ ಒಪ್ಪಿದಂತಾಯಿತು.

ನ್ಯೂಜೆರ್ಸಿ ಕನ್ನಡಿಗ

ಒಪ್ಪಿಲ್ಲ. ಸಂಯಮವೆಂದರೆ ಹಲ್ಲು ಕಚ್ಚಿ ತಡೆದುಕೊಳ್ಳುವ ಶಕ್ತಿ ಎಂದು ನೀವು ಮೊದಲೇ ಗೆರೆ ಎಳೆದಿದ್ದೀರಿ. ಮನಶ್ಶಾಸ್ತ್ರದಲ್ಲಿಯೂ ಬಹುಕಾಲ ಅದೇ ಚಿತ್ರವಿತ್ತು. 1998ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು, ಎದುರಿಗಿಟ್ಟ ಚಾಕೊಲೇಟ್ ಬಿಸ್ಕತ್ತನ್ನು ಬಿಟ್ಟು ಬರೀ ಮೂಲಂಗಿ ತಿಂದವರು ಆಮೇಲೆ ಕೊಟ್ಟ ಕಠಿಣ ಒಗಟನ್ನು ಬೇಗ ಕೈಬಿಡುತ್ತಾರೆ ಎಂದು ತೋರಿಸಿ, ಸಂಯಮವು ಬಳಸಿದಷ್ಟೂ ತೀರುವ ದಾಸ್ತಾನು ಎಂದು ವಾದಿಸಿದರು. 2016ರಲ್ಲಿ 23 ಪ್ರಯೋಗಾಲಯಗಳು 2,000ಕ್ಕೂ ಹೆಚ್ಚು ಜನರೊಂದಿಗೆ ಆ ಬಗೆಯ ಪರಿಣಾಮವನ್ನು ಮತ್ತೆ ಪರೀಕ್ಷಿಸಿದಾಗ ಅದು ಹೆಚ್ಚುಕಡಿಮೆ ಶೂನ್ಯವೆಂದು ಬಂತು. ಚಪಲ ಏಳುವ ಸಂದರ್ಭವನ್ನೇ ಮೊದಲೇ ತಪ್ಪಿಸಿಕೊಳ್ಳುವಂತೆ ದಿನಚರಿಯನ್ನು ಜೋಡಿಸಿಕೊಳ್ಳುವುದೂ ಸಂಯಮವೇ. ವ್ರತಗಳು ಆ ಕೆಲಸವನ್ನು ಬಹಳ ಹಿಂದಿನಿಂದ ಮಾಡುತ್ತ ಬಂದಿವೆ.

ಧರ್ಮಶ್ರದ್ಧೆಯುಳ್ಳವರಲ್ಲಿ ಸಂಯಮ ಸ್ವಲ್ಪ ಹೆಚ್ಚು ಎಂದು 2009ರಲ್ಲಿ ಮೆಕಲಾ ಮತ್ತು ವಿಲೋಬಿ ಎಂಬ ಇಬ್ಬರು ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಬರೆದಿದ್ದಾರೆ. ಆದರೆ ಧರ್ಮ ಸಂಯಮವನ್ನು ತಂದಿತೋ, ಸಂಯಮವುಳ್ಳವರೇ ಧರ್ಮದ ಕಡೆಗೆ ಹೆಚ್ಚು ವಾಲುತ್ತಾರೋ ಎಂಬುದು ಆ ಬಗೆಯ ಅಧ್ಯಯನಗಳಿಂದ ಬಗೆಹರಿಯುವುದಿಲ್ಲ. ಇಷ್ಟನ್ನು ನಿರೀಶ್ವರರ ಪರವಾಗಿ ನಾನೇ ಹೇಳಿಬಿಡುತ್ತೇನೆ.

ಭಟ್ಕಳದವನು

ರಂಜಾನಿನಲ್ಲಿ ಇದನ್ನು ಪ್ರತಿವರ್ಷ ನೋಡುತ್ತೇವೆ. ಮುಂಜಾವಿನಿಂದ ಸೂರ್ಯಾಸ್ತದವರೆಗೆ ಹನಿ ನೀರೂ ಇಲ್ಲದೆ, ಬೀಡಿಯ ನೆನಪೂ ಇಲ್ಲದೆ ದುಡಿಯುವವರು ಮಗ್ರಿಬ್ ಬಾಂಗ್‌ಗೆ ಹತ್ತು ನಿಮಿಷ ಮುಂಚೆ ಗಡಿಯಾರ ನೋಡಲು ಶುರು ಮಾಡುತ್ತಾರೆ. ಖರ್ಜೂರ ಬಾಯಿಗೆ ಹಾಕಿ, ನಮಾಜು ಮುಗಿಸಿ, ಮಸೀದಿಯ ಗೇಟಿನಾಚೆಯೇ ಬೀಡಿ ಹಚ್ಚುವವರನ್ನು ಯಾವ ಊರಿನಲ್ಲಿಯೂ ಕಾಣಬಹುದು. ನ್ಯೂಜೆರ್ಸಿಯವರು ಹೇಳಿದ ವಿಮಾನದ ಕಥೆ ನಮ್ಮಲ್ಲಿ ತಿಂಗಳಿಡೀ ದಿನವೂ ನಡೆಯುತ್ತದೆ.

ಆದರೆ ನಮ್ಮ ಹಿರಿಯರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಸುಳ್ಳನ್ನೂ ಸುಳ್ಳಿನ ವ್ಯವಹಾರವನ್ನೂ ಬಿಡದವನು ಅನ್ನನೀರು ಬಿಡುವುದರ ಅಗತ್ಯ ಅಲ್ಲಾಹನಿಗಿಲ್ಲ ಎಂಬರ್ಥದ ಪ್ರವಾದಿ ವಚನವನ್ನು ರಂಜಾನಿನ ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಹಸಿವಿನ ಉಪವಾಸ ಸುಲಭ, ನಾಲಿಗೆಯ ಉಪವಾಸ ಕಷ್ಟ. ಇಫ್ತಾರಿನ ಸರದಿಯಲ್ಲಿ ನಿಂತು ಜಗಳವಾಡುವವರನ್ನು ಕಂಡಾಗ ನನಗೆ ಆ ಮಾತು ನೆನಪಾಗುತ್ತದೆ.

ಮತ್ತೊಂದು ವಿಷಯ ಈ ಚರ್ಚೆಗೆ ಉಪಯೋಗವಾಗಬಹುದು. ಈದ್ ಮುಗಿದ ಮೇಲೆ ಶವ್ವಾಲ್ ತಿಂಗಳಲ್ಲಿ 6 ಐಚ್ಛಿಕ ಉಪವಾಸಗಳಿವೆ. ವರ್ಷವಿಡೀ ಸೋಮವಾರ ಮತ್ತು ಗುರುವಾರದ ಉಪವಾಸಗಳೂ ಇವೆ. ಅವು ಕಡ್ಡಾಯವಲ್ಲ, ಯಾರೂ ಕೇಳುವುದಿಲ್ಲ, ಬೀದಿಯಲ್ಲಿ ಇಫ್ತಾರಿನ ಅಂಗಡಿಗಳೂ ಇರುವುದಿಲ್ಲ. ನಿರೀಶ್ವರರ ‘ಕಾವಲು’ ಇಲ್ಲದ ಉಪವಾಸ ಅದು. ಹಿಡಿಯುವವರು ಕಡಿಮೆ, ಆದರೆ ಇದ್ದಾರೆ.

ಅಥಣಿ ಕಡೆಯವ

ನಮ್ಮ ಕಡೆ ಇದಕ್ಕೆ ನೇರವಾದ ಹೋಲಿಕೆಯೊಂದಿದೆ, ಯಾರೂ ಏಕೆ ಎತ್ತಲಿಲ್ಲವೋ ತಿಳಿಯದು. ಪಂಢರಾಪುರದ ವಿಠ್ಠಲನ ಭಕ್ತರಾದ ವಾರಕರಿಗಳೂ ತುಳಸಿ ಮಾಲೆಯನ್ನೇ ಹಾಕಿಕೊಳ್ಳುತ್ತಾರೆ. ಹಾಕಿಕೊಂಡ ಮೇಲೆ ಮದ್ಯ, ಮಾಂಸ ಬಿಡಬೇಕು, ಏಕಾದಶಿ ಹಿಡಿಯಬೇಕು, ಆಷಾಢ ಅಥವಾ ಕಾರ್ತಿಕದ ವಾರಿಗೆ, ಅಂದರೆ ಪಂಢರಾಪುರದ ಯಾತ್ರೆಗೆ, ಹೋಗಬೇಕು. ವ್ಯತ್ಯಾಸವೆಂದರೆ ಆ ಮಾಲೆಯನ್ನು ತೆಗೆಯುವ ದಿನ ಎಂಬುದಿಲ್ಲ, ಅದು ಜೀವ ಇರುವ ತನಕ. ಹೀಗಾಗಿ ನಮ್ಮಲ್ಲಿ ಜನ ಮಾಲೆ ಹಾಕಿಕೊಳ್ಳುವ ಮುಂಚೆ ವರ್ಷಗಟ್ಟಲೆ ಯೋಚನೆ ಮಾಡುತ್ತಾರೆ. ‘ಮಗಳ ಮದುವೆ ಮುಗಿಯಲಿ, ಆಮೇಲೆ ಹಾಕಿಕೊಳ್ಳುತ್ತೇನೆ’ ಎಂದು ಮುಂದೂಡುವವರೂ ಉಂಟು. ಹಾಕಿಕೊಂಡವರಲ್ಲಿ ಜಾರಿದವರು ಇಲ್ಲವೇ ಇಲ್ಲ ಎಂದು ಹೇಳಲಾರೆ, ಆದರೆ ಜಾರಿದವನು ಮಾಲೆಯನ್ನು ಗೂಟಕ್ಕೆ ನೇತುಹಾಕಿ ಕುಡಿಯಬೇಕಾಗುತ್ತದೆ. ಆ ಗೂಟದ ಮಾಲೆಯನ್ನು ದಿನಾ ನೋಡುವುದು ಸುಲಭವಲ್ಲ.

ತಮ್ಮ ಮಿತಿ ಗೊತ್ತಿದ್ದವರಿಗೆ ಗಡುವಿರುವ ವ್ರತವೇ ಒಳ್ಳೆಯದು ಎಂದು ನನಗನಿಸುತ್ತದೆ. ಇಡೀ ಜನ್ಮಕ್ಕೆ ಎಂದರೆ ಶೇಕಡಾ ತೊಂಬತ್ತು ಜನ ಹತ್ತಿರವೇ ಬರುವುದಿಲ್ಲ. ಈ ಶೇಕಡಾವಾರನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಬೇಡಿ.

ಮೂಡುಬಿದಿರೆ

ಗಡುವಿನ ವಿಷಯದಲ್ಲಿ ಜೈನ ಸಂಪ್ರದಾಯದ ಕ್ರಮವನ್ನು ಹೇಳಬೇಕು. ಮುನಿಗಳಿಗೆ ಮಹಾವ್ರತ, ಶ್ರಾವಕರಿಗೆ, ಅಂದರೆ ಗೃಹಸ್ಥರಿಗೆ, ಅಣುವ್ರತ ಎಂಬ ಎರಡು ಮೆಟ್ಟಿಲುಗಳನ್ನು ಮೊದಲಿಂದಲೇ ಬೇರೆಬೇರೆ ಇಟ್ಟಿದ್ದಾರೆ. ಅಷ್ಟೇ ಅಲ್ಲ, ಶ್ರಾವಕನು ತನ್ನ ಭೋಗಗಳಿಗೆ ತಾನೇ ಅಳತೆ ಹಾಕಿಕೊಳ್ಳುವ ವ್ರತವೂ ಇದೆ. ಇಂದು ಇಷ್ಟು ಬಗೆಯ ಪದಾರ್ಥ ಮಾತ್ರ ತಿನ್ನುತ್ತೇನೆ, ಈ ಚಾತುರ್ಮಾಸದಲ್ಲಿ ಇಷ್ಟು ದೂರ ಮಾತ್ರ ಹೋಗುತ್ತೇನೆ ಎಂದು ಬೆಳಿಗ್ಗೆಯೇ ನಿಯಮ ತೆಗೆದುಕೊಳ್ಳುವವರನ್ನು ನಮ್ಮ ಬಸದಿಗಳಲ್ಲಿ ನೋಡಬಹುದು. ಯಾರಿಗೂ ಹೇಳಬೇಕಾಗಿಲ್ಲ, ತಾನೇ ಹಾಕಿಕೊಂಡ ಗೆರೆ, ತಾನೇ ಕಾವಲುಗಾರ.

ಸೂರ್ಯಾಸ್ತದ ನಂತರ ಊಟ ಮಾಡದಿರುವುದನ್ನೇ ನೋಡಿ. ನನ್ನ ಅಜ್ಜಿಗೆ ಅದು ಸಂಯಮ ಎಂದೇ ಅನಿಸಿರಲಿಲ್ಲ. ಸಂಜೆ ದೀಪ ಹಚ್ಚುವ ಮೊದಲು ಅಡುಗೆಮನೆ ತೊಳೆದು ಬಾಗಿಲು ಎಳೆದುಬಿಡುತ್ತಿದ್ದರು. ನೆಂಟರು ತಡವಾಗಿ ಬಂದರೆ ಅವರಿಗೆ ಬಡಿಸುತ್ತಿದ್ದರೇ ಹೊರತು ತಾವು ಒಂದು ಅಗುಳೂ ಮುಟ್ಟುತ್ತಿರಲಿಲ್ಲ; ಅದರಲ್ಲಿ ಕಷ್ಟವೇನೂ ಅವರ ಮುಖದಲ್ಲಿ ಕಾಣುತ್ತಿರಲಿಲ್ಲ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ದಿನ ಉತ್ತಮ ಸಂಯಮಕ್ಕೆಂದೇ ಮೀಸಲಾಗಿದೆ. ಆದರೆ ಅದು ಆರನೆಯ ದಿನ ಬರುತ್ತದೆ. ಮೊದಲ ದಿನ ಕ್ಷಮೆ, ಆಮೇಲೆ ಮೃದುತ್ವ, ಸರಳತೆ ಮೊದಲಾದವು. ಕೋಪವನ್ನೂ ಗರ್ವವನ್ನೂ ಬಿಡದೆ ನಾಲಿಗೆ ಕಟ್ಟಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ‘ಅಡುಗೆಮನೆಯಿಂದ’ ಬರೆದ ಮೇಡಂ ಹೇಳಿದ ಸಿಡಿಮಿಡಿಯೇ ಸಾಕ್ಷಿ.

ಏಕಾದಶಿ ಹಿಡಿಯುವವ

ಮಾಧ್ವರ ಮನೆಗಳಲ್ಲಿ ಏಕಾದಶಿಯ ದಿನ ಒಲೆ ಹಚ್ಚುವುದಿಲ್ಲ, ದ್ವಾದಶಿಯ ಬೆಳಗಿನ ಜಾವ ಪಾರಣೆ. ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಬಿಟ್ಟು, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ ಬಿಡುವ ಕ್ರಮವನ್ನು ಈಗಲೂ ಪಾಲಿಸುವವರಿದ್ದಾರೆ. ಒಂದೊಂದಾಗಿ ಬಿಟ್ಟು, ಒಂದೊಂದಾಗಿ ಮರಳಿ ಪಡೆಯುವುದರಿಂದ ಯಾವುದೂ ಇಲ್ಲದೆ ಬದುಕಬಹುದು ಎಂಬುದು ಅನುಭವಕ್ಕೆ ಬರುತ್ತದೆ. ಎಲ್ಲವನ್ನೂ ಒಂದೇ ದಿನ ಬಿಟ್ಟು ಒಂದೇ ದಿನ ಹಿಡಿಯುವ ವ್ರತಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಸಂತೆಪೇಟೆ

ರಾಯರೇ, ಏಕಾದಶಿಯ ದಿನ ನಿಮ್ಮವರ ಮನೆಯೊಂದರಲ್ಲಿ ಸಬ್ಬಕ್ಕಿ ಕಿಚಡಿ, ಅವಲಕ್ಕಿ, ಬಾಳೆಹಣ್ಣಿನ ರಸಾಯನ ಎಲ್ಲವನ್ನೂ ತಿಂದು ಬಂದವನು ನಾನು. ಊಟಕ್ಕಿಂತ ಉಪವಾಸವೇ ಭಾರವಾಗಿತ್ತು.

ಏಕಾದಶಿ ಹಿಡಿಯುವವ

ಅದು ಫಲಾಹಾರವೆಂಬ ಹೆಸರಿನಲ್ಲಿ ನಡೆಯುವ ರಾಜಿ. ಶಾಸ್ತ್ರ ಹೇಳುವುದು ನಿರ್ಜಲ ಉಪವಾಸವನ್ನು. ಅಶಕ್ತರಿಗೆ ಕೊಟ್ಟ ರಿಯಾಯಿತಿಯನ್ನು ಶಕ್ತರು ಹಬ್ಬವನ್ನಾಗಿ ಮಾಡಿಕೊಂಡಿದ್ದಾರೆ. ‘ಉದರವೈರಾಗ್ಯ’ವನ್ನು ಪುರಂದರದಾಸರೇ ಸಾಕಷ್ಟು ಗೇಲಿ ಮಾಡಿರುವುದರಿಂದ ನೀವು ಹೊಸದಾಗಿ ಶ್ರಮ ಪಡಬೇಕಾಗಿಲ್ಲ.

ವೈದ್ಯೆ, ಧಾರವಾಡ

ಸಬ್ಬಕ್ಕಿಯಿಂದ ಸ್ವಲ್ಪ ಹಿಂದಕ್ಕೆ ಬರೋಣ. ಮನೋವೈದ್ಯಕೀಯದಲ್ಲಿ ಕೆಲಸ ಮಾಡುವವಳಾಗಿ ಎರಡು ಮಾತು ಹೇಳಲೇಬೇಕಾಗಿದೆ.

ಮೊದಲನೆಯದು ಎಚ್ಚರಿಕೆ. ಪ್ರತಿದಿನ ಹೆಚ್ಚಿನ ಪ್ರಮಾಣದಲ್ಲಿ ಕುಡಿಯುವವರು ಮಾಲೆಯ ದಿನ ಒಮ್ಮೆಲೇ ನಿಲ್ಲಿಸಿದರೆ ಅದು ಪ್ರಾಣಕ್ಕೇ ಅಪಾಯವಾಗಬಹುದು. ಕೈನಡುಕ, ಬೆವರು, ನಿದ್ರೆ ಬಾರದಿರುವುದು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತವೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕು ದಿನಗಳ ನಡುವೆ ಕೆಲವರಿಗೆ ದಿಕ್ಕುದೆಸೆ ತಿಳಿಯದಂಥ ಗೊಂದಲ ಉಂಟಾಗಿ, ಇಲ್ಲದ್ದು ಕಾಣತೊಡಗುತ್ತದೆ. ಮನೆಯವರು ಇದನ್ನು ‘ಮೈಮೇಲೆ ಬಂದಿದೆ’ ಎಂದೋ, ವ್ರತದಲ್ಲಿ ಏನೋ ಲೋಪವಾಗಿದೆ ಎಂದೋ ತಿಳಿದು ಗುಡಿಗೆ ಕರೆದುಕೊಂಡು ಹೋಗಿ, ಆಸ್ಪತ್ರೆಗೆ ತರುವಾಗ ತಡವಾಗಿರುತ್ತದೆ. ಮಾಲೆ ಹಾಕುವುದಕ್ಕೆ ಒಂದೆರಡು ವಾರ ಮೊದಲೇ ವೈದ್ಯರನ್ನು ಕಂಡರೆ ಮಾತ್ರೆಗಳ ನೆರವಿನಿಂದಲೂ ಥಯಾಮಿನ್ ಎಂಬ ಜೀವಸತ್ವದಿಂದಲೂ ಇದನ್ನು ಸುರಕ್ಷಿತವಾಗಿ ದಾಟಿಸಬಹುದು. ಇದರಿಂದ ವ್ರತಕ್ಕೆ ಯಾವ ಭಂಗವೂ ಇಲ್ಲ ಎಂದು ಗುರುಸ್ವಾಮಿಗಳು ಒಂದು ಮಾತು ಹೇಳಿದರೆ ನನ್ನ ಹತ್ತು ಮಾತಿಗಿಂತ ಅದರ ತೂಕ ಹೆಚ್ಚು.

ಎರಡನೆಯದು ತುಮಕೂರಿನವರಿಗೆ. 41 ದಿನ ಬಿಟ್ಟಿದ್ದರಿಂದ ಉಳಿದ ದಿನಗಳದು ನೆಪ ಎಂಬ ನಿಮ್ಮ ತರ್ಕವನ್ನು ಒಪ್ಪಲಾರೆ. ಚಟದ ಕಾಯಿಲೆಯಲ್ಲಿ ಬಿಡುವುದಕ್ಕಿಂತ ಬಿಟ್ಟಂತೆಯೇ ಇರುವುದು ಹೆಚ್ಚು ಕಷ್ಟ. ಮಾಲೆ ತೆಗೆದ ದಿನ ಅವರ ಕೈಯಿಂದ ಏನೇನು ಒಟ್ಟಿಗೇ ಜಾರಿಹೋಗುತ್ತವೆ ನೋಡಿ: ಬೆಳಗಿನ ದಿನಚರಿ, ಸಂಜೆಯ ಭಜನೆಯ ಗುಂಪು, ಊರಿನ ಗೌರವ, ಉಡುಪು, ‘ಸ್ವಾಮಿ’ ಎಂಬ ಹೆಸರು. ಮರಳಿ ಸಿಗುವುದು ಹಳೆಯ ಗೆಳೆಯರು, ಹಳೆಯ ಸಂಜೆ. ಅಷ್ಟನ್ನೂ ಒಂದೇ ದಿನದಲ್ಲಿ ಬದಲಿಸಿದರೆ ಯಾರಾದರೂ ಜಾರುತ್ತಾರೆ. ವೈದ್ಯಕೀಯವಾಗಿ ನೋಡಿದರೆ ಆ 41 ದಿನಗಳು ನಮಗೆ ಸಿಗುವ ಅತ್ಯುತ್ತಮ ಅವಕಾಶ. ನಾವದನ್ನು ವ್ಯರ್ಥ ಮಾಡುತ್ತಿದ್ದೇವೆ.

ಹಳೆಯ ಗುರುಸ್ವಾಮಿ

ಡಾಕ್ಟರಮ್ಮನವರು ಕೇಳಿದ ಮಾತನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಔಷಧಿ ತೆಗೆದುಕೊಳ್ಳುವುದರಿಂದ ವ್ರತ ಕೆಡುವುದಿಲ್ಲ. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಮಾತ್ರೆ ನುಂಗಿಯೇ ಬೆಟ್ಟ ಹತ್ತುತ್ತಾರೆ. ಕುಡಿತದ ಮಾತ್ರೆಗೆ ಮಾತ್ರ ನಾಚಿಕೆ ಏಕೆ?

ಇಳಕಲ್ಲಿನವಳು

ಧಾರ್ಮಿಕ ಆಚರಣೆ ಎಂದರೆ ವ್ರತ, ಉಪವಾಸ ಮಾತ್ರವೇ? ನಮ್ಮೂರಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಸುತ್ತಲು ಹೊರಟರು. ಜಂಗಮನ ಜೋಳಿಗೆಗೆ ಜನ ಹಿಟ್ಟು, ಕಾಳು, ಹಣ ಹಾಕುವುದು ರೂಢಿ. ಅಪ್ಪಗಳು ಬೇಡಿದ್ದು ‘ನಿಮ್ಮ ದುಶ್ಚಟವನ್ನು ಇದರೊಳಗೆ ಹಾಕಿರಿ’ ಎಂದು. ಅದೇ ಮಹಾಂತ ಜೋಳಿಗೆ ಎಂದು ಹೆಸರಾಯಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.

ಇದರಲ್ಲಿರುವ ಉಪಾಯವನ್ನು ಗಮನಿಸಿ. ಬಿಡುವವನಿಗೆ ಗಡುವಿಲ್ಲ, ಉಡುಪಿಲ್ಲ, ಉಪವಾಸವೂ ಇಲ್ಲ. ಮನೆಯ ಬಾಗಿಲಿಗೆ ಬಂದು ಜೋಳಿಗೆ ಒಡ್ಡಿದವರಿಗೆ ಕೊಟ್ಟುಬಿಟ್ಟಿದ್ದೇನೆ ಎಂಬ ಭಾವವೊಂದೇ. ಕೊಟ್ಟ ಭಿಕ್ಷೆಯನ್ನು ವಾಪಸ್ ಕೇಳುವುದು ನಮ್ಮ ಕಡೆ ಯಾರಿಗೂ ಶೋಭಿಸುವ ಮಾತಲ್ಲ. ಎಲ್ಲರೂ ಉಳಿಸಿಕೊಂಡರು ಎಂದು ನಾನು ಹೇಳುವುದಿಲ್ಲ. ನನ್ನ ಸೋದರಮಾವ ತಂಬಾಕಿನ ಚೀಲವನ್ನು ಸುಣ್ಣದ ಡಬ್ಬಿ ಸಮೇತ ಹಾಕಿದವರು ಮತ್ತೆ ಮುಟ್ಟಲಿಲ್ಲ. ಅವರ ಜೊತೆಗೇ ಹಾಕಿದ ನೆರೆಯವರು ಮುಂದಿನ ಜಾತ್ರೆಯ ಹೊತ್ತಿಗೆ ಹೊಸ ಚೀಲ ಹೊಲಿಸಿಕೊಂಡಿದ್ದರು.

ನಿರೀಶ್ವರ

ಇಳಕಲ್ಲಿನವರು ಹೇಳಿದ್ದನ್ನು ನಾನು ಮೆಚ್ಚುತ್ತೇನೆ, ಆದರೆ ಅಲ್ಲಿ ಕೆಲಸ ಮಾಡಿದ್ದು ಒಬ್ಬ ವ್ಯಕ್ತಿಯ ನೈತಿಕ ತೂಕ. ಅದನ್ನು ಧರ್ಮದ ಲೆಕ್ಕಕ್ಕೆ ಸೇರಿಸುವುದು ಸರಿಯೇ? ಹುತ್ತವನ್ನು ಬಡಿದರೆ ಹಾವು ಸಾಯುವುದಿಲ್ಲ ಎಂದ ಬಸವಣ್ಣನವರ ನಾಡಿನವರೇ ಹೊರಗಿನ ಆಚರಣೆಗೆ ಇಷ್ಟು ಬೆಲೆ ಕಟ್ಟುತ್ತಿದ್ದೀರಿ.

ಇಳಕಲ್ಲಿನವಳು

ಅದೇ ಬಸವಣ್ಣನವರು ದಿನಾಲೂ ಕೈಯಲ್ಲಿ ಲಿಂಗ ಹಿಡಿದು ಪೂಜಿಸಿದರು, ದಿನಾಲೂ ಕಾಯಕ ಮಾಡಿ ಎಂದರು. ಒಳಗಿಲ್ಲದ ಹೊರಗನ್ನು ಬೈದರೇ ಹೊರತು ಹೊರಗೇ ಬೇಡ ಎನ್ನಲಿಲ್ಲ. ಜೋಳಿಗೆಯ ವಿಷಯದಲ್ಲಿ ವ್ಯಕ್ತಿಯ ತೂಕ ಎಂದಿರಿ. ಆ ತೂಕ ಎಲ್ಲಿಂದ ಬಂತು ಎಂದೂ ಕೇಳಿಕೊಳ್ಳಿ. ನೀವೋ ನಾನೋ ಚೀಲ ಹಿಡಿದು ಹೋದರೆ ಜನ ಬಾಗಿಲು ತೆರೆಯುವುದೂ ಅನುಮಾನ.

ಹೆಸರು ಬೇಡ

ನಾನು ಕುಡಿತ ಬಿಟ್ಟವನು, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗುವವನು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ ಸಂಘ ಅದು; ಅದರ 12 ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ಯಾವ ದೇವರು ಎಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ನಮ್ಮ ಸಭೆಯಲ್ಲಿ ನಿರೀಶ್ವರರಂಥವರೂ ಇದ್ದಾರೆ, ಗುಂಪನ್ನೇ ದೊಡ್ಡ ಶಕ್ತಿ ಎಂದು ಭಾವಿಸಿ ಕೂರುತ್ತಾರೆ.

ಇಲ್ಲಿನ ಚರ್ಚೆಯಲ್ಲಿ ಎಲ್ಲರೂ ಸಂಯಮವನ್ನು ಗಳಿಸಿಕೊಳ್ಳುವ ಮಾತನ್ನೇ ಆಡುತ್ತಿದ್ದೀರಿ. ನಮ್ಮ ಮೊದಲ ಹೆಜ್ಜೆಯೇ ಅದರ ತಿರುವುಮುರುವು: ಕುಡಿತದ ಎದುರು ನನ್ನ ಬಲ ಏನೂ ಇಲ್ಲ ಎಂದು ಒಪ್ಪಿಕೊಳ್ಳುವುದು. ನನ್ನನ್ನು ಬಹುಕಾಲ ಕೆಡಿಸಿದ್ದು ‘ಮನಸ್ಸು ಮಾಡಿದರೆ ನಾಳೆಯೇ ಬಿಡಬಲ್ಲೆ’ ಎಂಬ ಹೆಮ್ಮೆ, ಮತ್ತು ಆ ಹೆಮ್ಮೆಗೆ ಪ್ರತಿವರ್ಷ ಸಾಕ್ಷಿ ಒದಗಿಸುತ್ತಿದ್ದದ್ದು ನನ್ನದೇ ಮಾಲೆ. 41 ದಿನದ ಮಂಡಲ ಪೂರೈಸಿದವನನ್ನು ಕುಡುಕ ಎನ್ನಲು ಯಾರಿಗೆ ಬಾಯಿ ಬರುತ್ತದೆ? ‘ನೋಡಿದಿರಾ, ಬಿಟ್ಟೆನಲ್ಲ’ ಎಂದು ಹೆಂಡತಿಗೂ ಹೇಳುತ್ತಿದ್ದೆ, ನನಗೂ ಹೇಳಿಕೊಳ್ಳುತ್ತಿದ್ದೆ. ವ್ರತ ನನ್ನನ್ನು ಕೆಡಿಸಿತು ಎಂದು ಇದರ ಅರ್ಥವಲ್ಲ. ಅದು ಪರೀಕ್ಷೆಯಲ್ಲಿ ಪಾಸಾದ ಪ್ರಮಾಣಪತ್ರವಾದಾಗ ಅಪಾಯ.

ನ್ಯೂಜೆರ್ಸಿ ಕನ್ನಡಿಗ

ಇದಕ್ಕೆ ಪೂರಕವಾಗಿ ಒಂದು ವಾಕ್ಯ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆಯು 27 ಅಧ್ಯಯನಗಳನ್ನೂ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಒಟ್ಟಿಗೆ ನೋಡಿ, ಪೂರ್ತಿಯಾಗಿ ಕುಡಿಯದೆ ಇರುವ ವಿಷಯದಲ್ಲಿ ಈ ಸಂಘದ ಕಡೆಗೆ ಒಯ್ಯುವ ಕ್ರಮಬದ್ಧ ಚಿಕಿತ್ಸೆಗಳು ಉಳಿದ ಚಿಕಿತ್ಸೆಗಳಷ್ಟೇ ಅಥವಾ ಅವುಗಳಿಗಿಂತ ಹೆಚ್ಚು ಫಲ ಕೊಡುತ್ತವೆ ಎಂದು ಹೇಳಿದೆ.

ದಕ್ಷಿಣ ಕನ್ನಡದ ಶಿಕ್ಷಕಿ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿಯೂ ಗುಂಪಿನ ಆಸರೆಯ ಇದೇ ಅಂಶವಿದೆ. ಶಿಬಿರ 8 ದಿನ. ಅಲ್ಲಿ ಯೋಗ, ಭಜನೆ, ಸಲಹೆ, ವೈದ್ಯರ ತಪಾಸಣೆ ನಡೆಯುತ್ತವೆ. ಮುಗಿದ ಮೇಲೆ ಬಿಟ್ಟವರನ್ನೆಲ್ಲ ನವಜೀವನ ಸಮಿತಿ ಎಂದು ಸೇರಿಸಿ ಮತ್ತೆ ಮತ್ತೆ ಸಭೆ ಕರೆಯುತ್ತಾರೆ. ನಮ್ಮ ಊರಿನ ಅನುಭವದಲ್ಲಿ ಸಮಿತಿಯ ಸಭೆಗೆ ಹೋಗುವುದನ್ನು ಬಿಟ್ಟವರೇ ಮೊದಲು ಜಾರಿದರು.

ನಿರೀಶ್ವರ

ಹಾಗಾದರೆ ಗುರುಸ್ವಾಮಿಗಳನ್ನು ಒಂದು ಪ್ರಶ್ನೆ ಕೇಳಬೇಕು. ಮಾಲೆ ತೆಗೆದ ಮೇಲೆ ನಿಮ್ಮ ಸ್ವಾಮಿಗಳನ್ನು ಮುಂದಿನ ನವೆಂಬರ್ ತನಕ ನೀವು ಎಷ್ಟು ಸಲ ಮಾತನಾಡಿಸುತ್ತೀರಿ?

ಹಳೆಯ ಗುರುಸ್ವಾಮಿ

ನ್ಯಾಯವಾದ ಪ್ರಶ್ನೆ. ನಮ್ಮ ಸನ್ನಿಧಾನದಲ್ಲಿ ಶನಿವಾರದ ಭಜನೆ ವರ್ಷವಿಡೀ ಇದೆ. ಮಾಲೆಯ ಕಾಲದಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಫೆಬ್ರವರಿಯಲ್ಲಿ ಹಾರ್ಮೋನಿಯಂ ಬಾರಿಸುವವನೂ ನಾನೂ ಇನ್ನು ನಾಲ್ಕು ಜನರೂ ಇರುತ್ತೇವೆ. ಬಾರದವರ ಮನೆಗೆ ಹೋಗಿ ಕರೆಯುವ ಪದ್ಧತಿ ನಮ್ಮಲ್ಲಿಲ್ಲ, ಏಕೆಂದರೆ ಮಾಲೆ ತೆಗೆದವನು ಗೃಹಸ್ಥ, ಅವನ ಬದುಕು ಅವನದು ಎಂದು ನಾವು ತಿಳಿಯುತ್ತೇವೆ. ಕರೆಯಬೇಕು ಎಂದು ನೀವೆಲ್ಲ ಹೇಳುವುದಾದರೆ, ಮನೆಯವರು ಮೊದಲು ಬಂದು ಹೇಳಲಿ. ಕೇಳದೆ ಹೋದರೆ ‘ನನ್ನ ಗಂಡ ಕುಡುಕನೆಂದು ನಿಮಗೆ ಯಾರು ಹೇಳಿದರು’ ಎಂಬ ಮಾತು ಬರುತ್ತದೆ, ಬಂದದ್ದೂ ಉಂಟು.

ಅಡುಗೆಮನೆಯಿಂದ

ಮನೆಯವರು ಎಂದರೆ ಮತ್ತೆ ಹೆಂಡತಿಯೇ ತಾನೇ, ಗುರುಸ್ವಾಮಿಗಳೇ? ಮಾಲೆ ಹಾಕುವಾಗ ಗಂಡನಿಂದಲೇ ಒಪ್ಪಿಗೆ ಪಡೆದುಕೊಳ್ಳಿ. ‘ತೆಗೆದ ಮೇಲೆಯೂ ಶನಿವಾರ ಬರುತ್ತೇನೆ, ಬಾರದಿದ್ದರೆ ನನ್ನ ಮನೆಗೆ ಬನ್ನಿ’ ಎಂದು ಅವರ ಬಾಯಿಂದಲೇ ಶರಣು ಕೂಗುವ ಮೊದಲು ಹೇಳಿಸಿ. ಆಗ ನಮ್ಮ ತಲೆಗೆ ಬರುವುದಿಲ್ಲ.

ಹಳೆಯ ಗುರುಸ್ವಾಮಿ

ಈ ಸಲದಿಂದ ಕೇಳಬಹುದು. ಎಲ್ಲರೂ ಒಪ್ಪುವುದಿಲ್ಲ.

ತುಮಕೂರಿನ ಓದುಗ

ನೆಪ ಎಂಬ ಮಾತನ್ನು ಸದ್ಯಕ್ಕೆ ಬದಿಗಿಡುತ್ತೇನೆ. ತಂಗಿಯ ಒಂದು ನೇರ ಪ್ರಶ್ನೆ ಇದೆ, ಡಾಕ್ಟರ್ ಉತ್ತರಿಸಬೇಕು. ಮಾಲೆಗೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಭಾವನವರನ್ನು ಒಪ್ಪಿಸಬಹುದು, ಆದರೆ ‘ಹುಚ್ಚಿನ ಡಾಕ್ಟರ ಹತ್ತಿರ ಬರುವುದಿಲ್ಲ’ ಎಂದು ಹಟ ಹಿಡಿದರೆ ಬೇರೆ ದಾರಿ ಯಾವುದು?

ವೈದ್ಯೆ, ಧಾರವಾಡ

ಮೊದಲು ನಿಮ್ಮ ಮನೆಯ ಪರಿಚಿತ ವೈದ್ಯರ ಬಳಿಯೇ ಹೋಗಲಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಹಿಂದೆ ಬಿಟ್ಟಾಗ ಕೈ ನಡುಗಿತ್ತೇ, ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಇದನ್ನು ಹೇಳಲು ತಂಗಿಯವರು ಜೊತೆಗಿರುವುದು ಒಳ್ಳೆಯದು. ಹಿಂದೆ ಫಿಟ್ಸ್ ಅಥವಾ ಗೊಂದಲ ಆಗಿದ್ದರೆ ಮನೆಯಲ್ಲಿ ಬಿಡಿಸುವ ಪ್ರಯತ್ನ ಬೇಡ, ಕೆಲವು ದಿನ ದಾಖಲಾಗಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಬರಲು ಒಪ್ಪದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಮಾಲೆ ಹಾಕುವ ಮುನ್ನಾದಿನ ಬಂದರೆ ನಾವು ಹೆಚ್ಚೇನೂ ಮಾಡಲಾಗುವುದಿಲ್ಲ. ಅಕ್ಟೋಬರ್ ಕೊನೆಯೊಳಗೆ ಬರಲಿ.